ಅತ್ತೆಯ ಎರಡು ಪೆಡಲಿನ ಕಾರು

ನನ್ನ ಸೋದರತ್ತೆ ಜೀವಮಾನದಲ್ಲಿ ಯಾರೊಡನೆಯೂ ಜಗಳವಾಡಿದವರಲ್ಲ. ಜನರೇ ಅವರ ದಾರಿಗೆ ಅಡ್ಡ ಬಂದು, ಬೈಸಿಕೊಂಡು ಹೋಗುತ್ತಿದ್ದರು! ಹಾಗೆ ಬೈಸಿಕೊಂಡವರಲ್ಲಿ ಬಸ್ ಕಂಡಕ್ಟರ್, ತೋಟದ ಲೆಕ್ಕ ಬರೆಯುವ ರೈಟರ್, ಇಬ್ಬರು ಪುರೋಹಿತರು, ಒಂದು ಕಾಡುಹಂದಿ ಸೇರಿದ್ದಾರೆ. ಕೊನೆಗೆ ಸೇರಿದ್ದು ಒಂದು ಅಮೆರಿಕದ ಕಾರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸತು. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿ, ಕಂಡಕಂಡ ಶಾಲೆಗಳಿಗೆ ಅರ್ಜಿ ಹಾಕಿ, ಮೂರ್ನಾಡಿನ ಮನೆಯಲ್ಲಿ ಉತ್ತರಕ್ಕೆ ಕಾಯುತ್ತಿದ್ದೆ. ಅರ್ಧ ಮೈಲಿ ಆಚೆ ಅತ್ತೆಯ ಮನೆ. ಮಾವ ತೀರಿಕೊಂಡ ಮೇಲೆ ಕಾಫಿ ತೋಟವನ್ನು ಅವರೇ ನೋಡಿಕೊಳ್ಳುತ್ತಿದ್ದರು. ಆಳುಗಳು ಕಾಳುಮೆಣಸು ಕೊಯ್ಯುವ ರೀತಿ ಸರಿಯಿಲ್ಲವೆಂದು ತೋರಿಸಿಕೊಡಲು ತಾವೇ ಏಣಿ ಹತ್ತಿದರು, ಬಿದ್ದರು. ನೆಲದ ಮೇಲೆ ಮಲಗಿಕೊಂಡೇ ಪಾಠ ಮುಗಿಸಿದರಂತೆ! ಅಂದಿನಿಂದ ಅವರ ಎಡ ಮೊಣಕಾಲು ಮಡಚುತ್ತಿರಲಿಲ್ಲ.

ಮಡಚದ ಕಾಲನ್ನು ಬಸ್ಸಿನಲ್ಲಿ ಎಲ್ಲಿಡುವುದು? ಅತ್ತೆ ಅದನ್ನು ನಡುದಾರಿಗೆ ಚಾಚಿ ಕೂರುತ್ತಿದ್ದರು. ಹತ್ತುವವರು ಎಡವುತ್ತಿದ್ದರು, ಇಳಿಯುವವರು ಎಡವುತ್ತಿದ್ದರು, ಕಂಡಕ್ಟರ್ ಅಂತೂ ಹೋಗುವಾಗೊಮ್ಮೆ ಬರುವಾಗೊಮ್ಮೆ ಎಡವುತ್ತಿದ್ದ. ಕಾಲನ್ನು ಸ್ವಲ್ಪ ಆಚೆಗೆ ತೆಗೆಯಿರಿ ಎಂದು ಅವನು ಒಂದು ದಿನ ಹೇಳಿಬಿಟ್ಟ. ಅತ್ತೆ ಬಸ್ಸಿನ ಸಹವಾಸವನ್ನೇ ಬಿಟ್ಟರು.

ಅದೇ ಸಮಯಕ್ಕೆ ಪಕ್ಕದ ಎಸ್ಟೇಟಿನ ಬಿಳಿ ದೊರೆ ಎಲ್ಲವನ್ನೂ ಮಾರಿ ತನ್ನ ದೇಶಕ್ಕೆ ಹೊರಟ. ಅವನ ಹಳೆಯ ಅಮೆರಿಕದ ಕಾರನ್ನು ಕೊಳ್ಳುವವರೇ ಇರಲಿಲ್ಲ. ಏಕೆಂದರೆ ಅದಕ್ಕೆ ಎರಡೇ ಪೆಡಲು. ಕ್ಲಚ್ ಇಲ್ಲ! ದೊರೆ ಕುಡಿದು ಎಲ್ಲೋ ಬೀಳಿಸಿಕೊಂಡಿರಬೇಕು ಎಂದು ಮೂರ್ನಾಡಿನ ಪೇಟೆ ತೀರ್ಮಾನಿಸಿತ್ತು. ಗೇರನ್ನು ಅದೇ ಹಾಕಿಕೊಳ್ಳುತ್ತದೆ ಎಂದು ದೊರೆಯ ಡ್ರೈವರ್ ಹೇಳಿದರೆ ನಂಬುವವರು ಯಾರು? ಅತ್ತೆ ಬಗ್ಗಿ ನೋಡಿದರು. ಬಲಗಾಲಿಗೆ ಎರಡು ಪೆಡಲು, ಎಡಗಾಲಿಗೆ ಚಾಚಿಕೊಳ್ಳಲು ಬೇಕಾದಷ್ಟು ಜಾಗ. ಅಲ್ಲೇ ವ್ಯಾಪಾರ ಮುಗಿಸಿದರು. ಐವತ್ತನೆಯ ವಯಸ್ಸಿನಲ್ಲಿ, ಕಾಫಿ ಒಣಗಿಸುವ ಕಣದಲ್ಲಿ ಸುತ್ತು ಹೊಡೆದು ಡ್ರೈವಿಂಗ್ ಕಲಿತರು. ಕಣದ ಒಂದು ಮೂಲೆಯ ಗೋಡೆ ಈಗಲೂ ಇಲ್ಲ.

ಆದರೆ ಕಾರಿಗೆ ಒಂದು ರೋಗವಿತ್ತು. ಒಂದು ಗೇರಿನಿಂದ ಇನ್ನೊಂದಕ್ಕೆ ಹೋಗುವಾಗಲೆಲ್ಲ ಹಿಂದಿನಿಂದ ಎಮ್ಮೆ ಗುದ್ದಿದ ಹಾಗೆ ಜರ್ಕು. ಮೂರ್ನಾಡು ಪೇಟೆ ದಾಟುವಷ್ಟರಲ್ಲಿ ಕೂತವರ ಹಲ್ಲು ಲೆಕ್ಕ ತಪ್ಪುತ್ತಿತ್ತು. ಅತ್ತೆ ಮೊದಲು ರಸ್ತೆಯನ್ನು ಬೈದರು. ಆಮೇಲೆ ಹಿಂದೆ ಕೂತವರ ತೂಕವನ್ನು ಬೈದರು. ನನ್ನನ್ನು ಒಬ್ಬಳನ್ನೇ ಕೂರಿಸಿಕೊಂಡಾಗಲೂ ಜರ್ಕು ನಿಲ್ಲದಿದ್ದಾಗ, "ಕಾರು ಅಂದ್ಮೇಲೆ ಅಷ್ಟು ಜರ್ಕು ಉಟ್ಟು ಗೂಡೆ" ಎಂದು ಸುಮ್ಮನಾದರು. ಉಟ್ಟು ಎಂದರೆ ನಮ್ಮ ಅರೆಭಾಷೆಯಲ್ಲಿ ಇದೆ, ಗೂಡೆ ಎಂದರೆ ಹುಡುಗಿ. ಅತ್ತೆಗೆ ನನ್ನ ಹೆಸರು ನೆನಪಿತ್ತೋ ಇಲ್ಲವೋ, ನಾನು ಕೇಳಿರಲಿಲ್ಲ.

ಆ ಕಾರಿಗೆ ಒಮ್ಮೆಯೂ ಹತ್ತದವರೆಂದರೆ ನನ್ನ ಅವ್ವ. ಆರು ವರ್ಷದ ಹಿಂದೆ ಅಕ್ಕನ ಮದುವೆಯಲ್ಲಿ, ಗಂಡಿನ ಕಡೆಯವರು ಊಟಕ್ಕೆ ಕೂತ ಹೊತ್ತಿಗೆ, ಪಾಯಸ ತಳ ಹಿಡಿದಿದೆ ಎಂದು ಅತ್ತೆ ಚಪ್ಪರಕ್ಕೆಲ್ಲ ಕೇಳುವಂತೆ ಹೇಳಿದ್ದರು. ಹಿಡಿದಿದ್ದು ನಿಜ. ಅದೇ ತೊಂದರೆಯಾಯಿತು! ಅವ್ವ ಅಂದೇ ಮಾತು ಬಿಟ್ಟರು. ಇಬ್ಬರ ನಡುವಿನ ಸುದ್ದಿಯನ್ನು ಸಾಗಿಸುವ ಕೆಲಸ ನನ್ನದಾಯಿತು. ಅದಕ್ಕೆ ಬಿ.ಎ. ಬೇಕಿರಲಿಲ್ಲ.

ಆ ವರ್ಷ ಅವ್ವನ ಕಣ್ಣಿಗೆ ಪೊರೆ ಬಂತು. ಮಡಿಕೇರಿಯಲ್ಲಿ ಆಪರೇಷನ್ ಎಂದು ಗೊತ್ತಾಯಿತು. ಆಪರೇಷನ್ ಆದ ಮೇಲೆ ಕೆಲವು ವಾರ ತಲೆ ಅಲುಗಬಾರದು, ಮನೆಗೆ ಕರೆದೊಯ್ಯುವಾಗ ಒಂದು ಜರ್ಕು ಹೊಡೆದರೂ ಹೊಲಿಗೆ ಬಿಟ್ಟು ಕಣ್ಣು ಹೋಗಬಹುದು ಎಂದು ಡಾಕ್ಟರು ಹೇಳಿದರು. ಬಸ್ಸಿನ ಮಾತು ಬೇಡವೇ ಬೇಡ. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತರು. ನಾನು ಇದನ್ನು ಅತ್ತೆಗೆ ಹೇಳಿದಾಗ ಅವರು ಕೈಯಲ್ಲಿದ್ದ ಕತ್ತಿಯನ್ನು ಕೆಳಗಿಟ್ಟರು. ಮರುದಿನ ಬೆಳಿಗ್ಗೆ ಕಾರು ಲಾರಿ ರಿಪೇರಿಯ ಕಾಕನ ಕೊಟ್ಟಿಗೆಯ ಮುಂದೆ ನಿಂತಿತ್ತು.

ಪೇಟೆಗೆಲ್ಲ ಕಾಕನಾದ ಅವರು ತಲಶ್ಶೇರಿ ಕಡೆಯವರು. ಲಾರಿಯ ಎದೆಬಡಿತವನ್ನು ದೂರದಿಂದಲೇ ಕೇಳಿ ಕಾಯಿಲೆ ಹೇಳುವವರು. ಆದರೆ ಈ ಕಾರಿನ ಕೆಳಗೆ ಎರಡು ಸಲ ನುಸುಳಿ ಹೊರಬಂದು ಕೈ ಮುಗಿದರು. ಇದನ್ನು ಕಿತ್ತುಹಾಕಿ ಲಾರಿಯ ಗೇರುಪೆಟ್ಟಿಗೆ, ಕ್ಲಚ್ಚು ಕೂರಿಸಿಕೊಡುತ್ತೇನೆ ಎಂದರು.

"ಮೂರನೇ ಪೆಡಲು ಕೂರಿಸುದಾದ್ರೆ ಮೂರನೇ ಕಾಲೂ ಕೂರಿಸಿ ಕೊಡಿ ಕಾಕ" ಎಂದರು ಅತ್ತೆ.

ದೊರೆ ಬಿಟ್ಟುಹೋಗಿದ್ದ ಇಂಗ್ಲಿಷ್ ಪುಸ್ತಕ ಕಾರಿನಲ್ಲೇ ಇತ್ತು. ಓದುವ ಕೆಲಸ ನನಗೆ. ನಾನು ಕಲಿತದ್ದು ಚರಿತ್ರೆ! ವಿಜಯನಗರ ಏಕೆ ಬಿತ್ತು ಎಂದು ಕೇಳಿದ್ದರೆ ಹೇಳುತ್ತಿದ್ದೆ, ಗೇರು ಏಕೆ ಬೀಳುತ್ತಿಲ್ಲ ಎಂದರೆ ಏನು ಹೇಳಲಿ? ಆದರೂ ಓದಿದೆ. ಒಂದು ವಾಕ್ಯ ಅರ್ಥವಾಯಿತು: ಗೇರುಪೆಟ್ಟಿಗೆಯ ಎಣ್ಣೆಯನ್ನು ಎಂಜಿನ್ ಬಿಸಿಯಾಗಿ ಓಡುತ್ತಿರುವಾಗ ಅಳೆಯಬೇಕು. ಇಷ್ಟು ದಿನ ಎಲ್ಲರೂ ಅಳೆದದ್ದು ತಣ್ಣಗಿರುವಾಗ. ಕಾಕ ಈ ಸಲ ಬಿಸಿಯಿರುವಾಗ ಅಳೆದರು. ಕಡ್ಡಿಯ ತುದಿಗೆ ಅಂಟಿದ್ದ ಎಣ್ಣೆಯನ್ನು ಮೂಸಿ ಮುಖ ಸಿಂಡರಿಸಿದರು.

"ಅಮ್ಮಾ, ಇದು ಸುಟ್ಟುಹೋಯಿತು. ಯಾರೋ ಲಾರಿ ಎಣ್ಣೆ ಹಾಕಿದಾರೆ."

ಕೆಳಗಿನ ತಟ್ಟೆ ಬಿಚ್ಚಿದರೆ ಒಳಗಿನ ಜಾಲರಿಯ ತುಂಬ ಕಪ್ಪು ಮಡ್ಡಿ, ಕಾಕಂಬಿಯಂತೆ. ಅತ್ತೆ ಕಾಲು ಚಾಚಿ ನೆಲಕ್ಕೆ ಕೂತು ಸೀಮೆಎಣ್ಣೆಯಲ್ಲಿ ಜಾಲರಿಯನ್ನು ತಾವೇ ತೊಳೆದರು, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ. ಪುಸ್ತಕ ಹೇಳಿದ ತೆಳು ಎಣ್ಣೆಗೆ ಮೈಸೂರಿಗೆ ಹೇಳಿಕಳಿಸಿದರು. ಅದು ಬಂದದ್ದು ಬಸ್ಸಿನಲ್ಲಿ, ಆ ಎಡವುವ ಕಂಡಕ್ಟರನ ಕೈಯಲ್ಲಿ! ಅತ್ತೆ ಅವನಿಗೆ ಬಾಳೆಗೊನೆ ಕೊಟ್ಟು ಕಳಿಸಿದರು. ಅವನು ಹೆದರಿ ಮೂರು ದಿನ ಅದನ್ನು ತಿನ್ನಲಿಲ್ಲವಂತೆ.

ಎಮ್ಮೆಯ ಗುದ್ದು ಕರುವಿನ ಗುದ್ದಿಗೆ ಇಳಿಯಿತು. ಆದರೆ ಕರುವೂ ಗುದ್ದಬಾರದಲ್ಲ? ಪುಸ್ತಕ ಇನ್ನೊಂದು ಕಡೆ ಕೈ ತೋರಿಸಿತು: ಆಕ್ಸಿಲರೇಟರಿನಿಂದ ಗೇರುಪೆಟ್ಟಿಗೆಗೆ ಹೋಗುವ ಒಂದು ಸಣ್ಣ ಸರಳು. ಕಾಲು ಎಷ್ಟು ಒತ್ತಿದೆ ಎಂದು ಪೆಟ್ಟಿಗೆಗೆ ತಿಳಿಸುವುದೇ ಅದು. ಅದರ ತುದಿಯ ಪಿನ್ನು ಎಂದೋ ಬಿದ್ದುಹೋಗಿ, ಯಾರೋ ತಂತಿ ಸುತ್ತಿದ್ದರು. ಸರಳಿನ ಉದ್ದವೇ ತಪ್ಪಿತ್ತು. ಪಾಪ, ಪೆಟ್ಟಿಗೆಗೆ ಸಿಗುತ್ತಿದ್ದದ್ದು ತಪ್ಪು ಸುದ್ದಿ. ಸುದ್ದಿ ಸಾಗಿಸುವ ಕಷ್ಟ ನನಗೆ ಗೊತ್ತಿಲ್ಲವೇ?

ಕಾಕ ಹೊಸ ಪಿನ್ನನ್ನು ಅರದಲ್ಲಿ ಉಜ್ಜಿ ಕೂರಿಸಿದರು. ಆಮೇಲೆ ಶುರುವಾಯಿತು ನನ್ನ ಅಗ್ನಿಪರೀಕ್ಷೆ. ಸರಳಿನ ತಿರುಪನ್ನು ಅರ್ಧ ಸುತ್ತು ತಿರುಗಿಸುವುದು, ಓಡಿಸುವುದು, ಮತ್ತೆ ಅರ್ಧ ಸುತ್ತು. ನನ್ನ ಕೈಯಲ್ಲಿ ಅಂಚಿನವರೆಗೆ ತುಂಬಿದ ಬೆಲ್ಲದ ಕಾಫಿಯ ಲೋಟ. ಚೆಲ್ಲಿದರೆ ಸರಿಯಾಗಿಲ್ಲ ಎಂದರ್ಥ. ಮೊದಲ ದಿನವೇ ನನ್ನ ಸೀರೆ ಕೊಡಗಿನ ನಕ್ಷೆಯಾಯಿತು. ಕಾಕ ತಿರುಪಿ ತಿರುಪಿ ಬೇಸತ್ತು, ಇದಕ್ಕಿಂತ ಸರಿಯಾಗದು, ಇಷ್ಟು ಸಾಕು ಎಂದರು.

"ಸಾಕಾಗ್ಲೆ, ಇನ್ನೊಂದು ಸಲ ತಿರುಪಿ" ಎಂದರು ಅತ್ತೆ. ಬೈಯಲಿಲ್ಲ. ದನಿ ಸಣ್ಣದಾಗಿತ್ತು. "ಅವ್ಳ ಕಣ್ಣು ಕಾಕ ಅದು."

ಕಾಕ ಮತ್ತೆ ಕಾರಿನ ಕೆಳಗೆ ಹೋದರು. ಮೂರನೆಯ ದಿನ ಮಧ್ಯಾಹ್ನ ಮೂರ್ನಾಡಿನಿಂದ ಮಡಿಕೇರಿಗೆ ಏರಿ ಹೋಗಿ ಇಳಿದು ಬಂದೆವು. ಒಂದು ಹನಿ ಚೆಲ್ಲಲಿಲ್ಲ. ಗೇರು ಬದಲಾದದ್ದು ಎಂಜಿನ್ನಿನ ದನಿಯಲ್ಲಿ ಮಾತ್ರ ಗೊತ್ತಾಯಿತು. ತಣ್ಣಗಾದ ಆ ಕಾಫಿಯನ್ನು ಕಾಕ ಕುಡಿದರು.

ಅವ್ವನನ್ನು ಕರೆತರುವ ದಿನ ಬಂತು. ಅವ್ವನ ಎರಡೂ ಕಣ್ಣಿಗೆ ಪಟ್ಟಿ. ಗಂಡನ ಅಕ್ಕನ ಕಾರು ಎಂದರೆ ಹತ್ತುವುದಿಲ್ಲವೆಂದು, ಟ್ಯಾಕ್ಸಿ ಎಂದು ಹೇಳಲು ಅಪ್ಪನಿಗೆ ಅತ್ತೆ ತಾಕೀತು ಮಾಡಿದ್ದರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಅಪ್ಪ ಆಸ್ಪತ್ರೆಯ ಮೆಟ್ಟಿಲಲ್ಲೇ ಮೂರು ಸಲ "ಟ್ಯಾಕ್ಸಿ, ಟ್ಯಾಕ್ಸಿ" ಎಂದರು. ಅವ್ವನ ತಲೆಯನ್ನು ನನ್ನ ಮಡಿಲಲ್ಲಿಟ್ಟುಕೊಂಡು ಹಿಂದೆ ಕೂತೆ.

ಅತ್ತೆ ಆ ದಾರಿಯುದ್ದಕ್ಕೂ ಬಾಯಿ ತೆರೆಯಲಿಲ್ಲ. ಎದುರು ಬಂದ ಲಾರಿ ದಾರಿ ಬಿಡಲಿಲ್ಲ, ಅತ್ತೆ ಸುಮ್ಮನೆ ಕಾದರು. ಒಂದು ಎಮ್ಮೆ ರಸ್ತೆಯಲ್ಲಿ ಅಡ್ಡ ನಿಂತಿತು, ಅದಕ್ಕೂ ಒಂದು ಮಾತಿಲ್ಲ. ಕನ್ನಡಿಯಲ್ಲಿ ನೋಡಿದೆ. ತುಟಿ ಕಚ್ಚಿ ಹಿಡಿದಿದ್ದರು, ಕೆನ್ನೆಯ ಮೇಲೆ ಬೆವರು ಇಳಿಯುತ್ತಿತ್ತು. ಕಾರು ನೀರಿನ ಮೇಲೆ ಎಲೆ ಹೋದಂತೆ ಹೋಯಿತು.

ಮನೆಯ ಮುಂದೆ ನಿಂತೆವು. ಅಪ್ಪ, ನಾನು ಅವ್ವನನ್ನು ಮೆಲ್ಲಗೆ ಇಳಿಸಿದೆವು. ಅವ್ವ ಕಾರಿನ ಬಾಗಿಲು ಹಿಡಿದು ನಿಂತರೇ ಹೊರತು ಹೆಜ್ಜೆ ಇಡಲಿಲ್ಲ.

"ಟ್ಯಾಕ್ಸಿಯವ್ನಿಗೆ ನನ್ನ ಕಣ್ಣಿನ ಮೇಲೆ ಇಷ್ಟು ಪ್ರೀತಿ ಎಂತಕೆ, ಅತ್ತಿಗೆ?"

ಅತ್ತೆ ಸ್ಟಿಯರಿಂಗ್ ಬಿಟ್ಟಿರಲಿಲ್ಲ. ಅವ್ವ ಗಾಳಿಯಲ್ಲಿ ಕೈ ಚಾಚಿದರು.

"ಇಳೀರಿ. ಇಲ್ಲಿ ಮೆಟ್ಟಿಲು ಉಟ್ಟು, ಕೈ ಕೊಡಿ."

ಅತ್ತೆ ಇಳಿದು ಸುತ್ತಿ ಬಂದು ಆ ಕೈ ಹಿಡಿದರು. ಮಡಚದ ಕಾಲಿನವರೊಬ್ಬರು, ಕಣ್ಣು ಕಟ್ಟಿದವರೊಬ್ಬರು, ಒಬ್ಬರಿಗೊಬ್ಬರು ಮೆಟ್ಟಿಲು ಎಣಿಸಿಕೊಳ್ಳುತ್ತ ಹತ್ತಿದರು. ಅಪ್ಪ ಮುಖ ಆಚೆ ತಿರುಗಿಸಿಕೊಂಡು ಕಾರಿನ ಬಾಗಿಲನ್ನು ಸದ್ದಾಗದಂತೆ ಮುಚ್ಚಿದರು.