ಮೆತ್ತಗಾಗದ ಪಿಯಾನೋ

ವಯಸ್ಸಾದ ಹಾಗೆ ಭಯ ಕಡಿಮೆಯಾಗುತ್ತದೆ ಅಂತ ಹೇಳುವವರು ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಅರ್ಧ ನಿಜ. ಕತ್ತಲೆಯ ಭಯ ಯಾವತ್ತೋ ಹೋಯಿತು. ದೆವ್ವದ ಭಯ, ಬನಶಂಕರಿಯಲ್ಲಿ ಬಾಡಿಗೆ ಮನೆ ಹುಡುಕುತ್ತಾ ಹತ್ತಾರು ಓನರ್‌ಗಳನ್ನು ಕಂಡ ಮೇಲೆ, ತಾನಾಗಿಯೇ ಬಿಟ್ಟುಹೋಯಿತು. ಆದರೆ ಅಂಬುಜಾಕ್ಷಿ ಮೇಡಂ ಭಯ ಮಾತ್ರ ತಲೆಗೂದಲು ಉದುರಿದ ಮೇಲೂ ಗಟ್ಟಿಯಾಗಿ ಉಳಿದುಕೊಂಡಿದೆ. ಜಯನಗರದಲ್ಲಿ ನಾನು ಓದಿದ ಹೈಸ್ಕೂಲಿಗೆ ಅವರು ಹೆಡ್‌ಮಿಸ್ಟ್ರೆಸ್. ಅವರು ಯಾರನ್ನೂ ಹೊಡೆದವರಲ್ಲ. ಕನ್ನಡಕ ತೆಗೆದು ಸುಮ್ಮನೆ ನೋಡುತ್ತಿದ್ದರು, ಅಷ್ಟೇ. ಹೊಡೆಯುವ ಮೇಷ್ಟ್ರು ಹೊಡೆದು ಮುಗಿಸಿಬಿಡುತ್ತಾರೆ. ಮೇಡಂ ನೋಡುವುದು ಮುಗಿಯುತ್ತಲೇ ಇರಲಿಲ್ಲ.

ಇಂಥ ಮೇಡಂ ಒಂದು ದಿನ ಫೋನ್ ಮಾಡಿದರು. ಆಗಿನ್ನೂ ಮೊಬೈಲಿನಲ್ಲಿ ಹಾಡು ಕೇಳುವ ಕಾಲ ಬಂದಿರಲಿಲ್ಲ, ಮನೆಗೊಂದು ಕಂಪ್ಯೂಟರ್ ಬಂದರೆ ಬೀದಿಯವರೆಲ್ಲ ನೋಡಿಕೊಂಡು ಹೋಗುತ್ತಿದ್ದ ಕಾಲ. "ರಂಗನಾಥಾನಾ? ನಿನ್ನ ನಂಬರ್ ಹುಡುಕೋದೇ ಸಾಕಾಯ್ತು. ಮೊಮ್ಮಗಳ ನಾಮಕರಣ ಕಣೋ, ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ. ತೊಟ್ಟಿಲಿಗೆ ಹಾಕೋವಾಗ ಒಂದು ಜೋಗುಳ ಹಾಡ್ಬೇಕು ಅಂತ ನನ್ನಾಸೆ. ನೀನು ಅದೇನೋ ಕಂಪ್ಯೂಟರ್ ಪಿಯಾನೋ ನುಡಿಸ್ತೀಯಂತಲ್ಲ, ಜೊತೆಗೆ ನುಡಿಸ್ತೀಯಾ?" ಕೊನೆಯಲ್ಲಿ ಪ್ರಶ್ನೆ ಇತ್ತು ನಿಜ. ಅದು ಪ್ರಶ್ನೆಯಲ್ಲ ಅನ್ನುವುದು ಅವರ ಕೈಯಲ್ಲಿ ಓದಿದವರಿಗೆಲ್ಲ ಗೊತ್ತು.

ಕಂಪ್ಯೂಟರ್ ಪಿಯಾನೋ ಅಂದರೆ ಏನು ಅಂತ ಸ್ವಲ್ಪ ಹೇಳಬೇಕು. ಹಗಲು ಇನ್ಶೂರೆನ್ಸ್ ಕಂಪನಿಯ ಗುಮಾಸ್ತನಾದ ನಾನು ಸಂಜೆ ಕುಮಾರಸ್ವಾಮಿ ಲೇಔಟಿನ ಮನೆಯಲ್ಲಿ ಸಂಗೀತಗಾರ. ಒಂದು ಕೀಬೋರ್ಡು, ಅದರಿಂದ ಕಂಪ್ಯೂಟರಿಗೆ ಒಂದು ವೈರು, ಅದರೊಳಗೆ ಎಲೆಕ್ಟ್ರಿಕ್ ಪಿಯಾನೋದ ಸಾಫ್ಟ್‌ವೇರ್. ನಿಜವಾದ ಎಲೆಕ್ಟ್ರಿಕ್ ಪಿಯಾನೋದಲ್ಲಿ ಪುಟ್ಟ ಸುತ್ತಿಗೆ ಲೋಹದ ಕಡ್ಡಿಗೆ ಬಡಿಯುತ್ತದೆ. ಇಲ್ಲಿ ಸುತ್ತಿಗೆಯೂ ಇಲ್ಲ, ಕಡ್ಡಿಯೂ ಇಲ್ಲ, ಎಲ್ಲ ಲೆಕ್ಕಾಚಾರ. ಕೀಯನ್ನು ಮೆಲ್ಲಗೆ ಒತ್ತಿದರೆ ಮೆತ್ತಗೆ ಗುನುಗುತ್ತದೆ, ಜೋರಾಗಿ ಒತ್ತಿದರೆ ಬೊಗಳುತ್ತದೆ. ಜೋಗುಳಕ್ಕೆ ಗುನುಗು ಸಾಕು.

ಮೊದಲ ಪ್ರಾಕ್ಟೀಸಿಗೆ ಮೇಡಂ ಆಟೋದಲ್ಲಿ ಬಂದಿಳಿದರು. ನನ್ನ ಹೆಂಡತಿ ಗೀತಾ ಕೊಟ್ಟ ಕಾಫಿ ಕುಡಿದು, ಸೆರಗು ಸರಿಮಾಡಿಕೊಂಡು, "ಶುರು ಮಾಡು" ಅಂದರು. ನಾನು ದೇವರನ್ನು ನೆನೆದು ನುಡಿಸಿದೆ. ಮೂರು ಸ್ವರ ಗುನುಗಿದವು, ನಾಲ್ಕನೆಯದು ಠಣ್ ಅಂತ ಬೊಗಳಿತು. ಮೇಡಂ ಕನ್ನಡಕ ತೆಗೆದರು. "ಏನೋ ಅದು, ತಗಡು ಬಡಿದ ಹಾಗೆ? ಮಗು ಮಲಗಬೇಕೋ, ಎದ್ದು ಓಡಿಹೋಗಬೇಕೋ? ಮೆತ್ತಗೆ ನುಡಿಸು." ಮೆತ್ತಗೆ ನುಡಿಸಿದೆ. ಮತ್ತೆ ಠಣ್. "ಮೆತ್ತಗೆ ಅಂದ್ರೆ ಗೊತ್ತೇನೋ ನಿನಗೆ?" ಗೊತ್ತಿದೆ ಅಂತ ತೋರಿಸಲು ಇನ್ನೊಮ್ಮೆ ನುಡಿಸಿದೆ. ಠಣ್.

ಆವತ್ತಿನಿಂದ ಅನ್ನ ನೀರು ಸೇರಲಿಲ್ಲ. ಆಫೀಸಿನಿಂದ ಬಂದವನೇ ಸಾಫ್ಟ್‌ವೇರ್ ಮುಂದೆ ಕೂರುತ್ತಿದ್ದೆ. ಇಲ್ಲದ ಸುತ್ತಿಗೆಯನ್ನು ಮೃದು ಮಾಡುವ ಗುಂಡಿಯೊಂದು ಪರದೆಯ ಮೇಲಿತ್ತು, ಅದನ್ನು ಪೂರ್ತಿ ತಿರುಗಿಸಿದೆ. ಕೀಚಲು ದನಿಯನ್ನು ಕತ್ತರಿಸುವ ಗುಂಡಿಯಿತ್ತು, ಅದನ್ನೂ ತಿರುಗಿಸಿದೆ. ಮೆತ್ತಗಿದ್ದ ಸ್ವರಗಳು ಮಂಕಾಗಿ ಕಂಬಳಿಯೊಳಗಿಂದ ಬಂದ ಹಾಗೆ ಕೇಳಿದವು. ಬೊಗಳುತ್ತಿದ್ದವು ಕಂಬಳಿಯೊಳಗಿಂದಲೇ ಬೊಗಳಿದವು. ಗೀತಾ ಅಡುಗೆಮನೆಯಿಂದ ಸಲಹೆ ಕೊಟ್ಟಳು: "ಹೆದರಿಕೊಂಡಾಗ ನೀವು ಫೋನಲ್ಲಿ ಕಿರುಚ್ತೀರಲ್ಲ, ಹಾಗೇ ಬೆರಳೂ ಕಿರುಚ್ತಾ ಇದೆ. ಮೊದಲು ನೀವು ಮೆತ್ತಗಾಗಿ." ನನಗೂ ಅದೇ ಸರಿ ಅನ್ನಿಸಿತು. ಬೆರಳಿಗೆ ಕೊಬ್ಬರಿ ಎಣ್ಣೆ ಹಚ್ಚಿ ನೀವಿದೆ. ಪ್ರಾಣಾಯಾಮ ಮಾಡಿದೆ. ಉಸಿರು ಬಿಡುತ್ತಾ ಕೀ ಒತ್ತಿದೆ, ಠಣ್ ಅಂತು, ಉಸಿರು ಒಳಗೇ ನಿಂತುಬಿಟ್ಟಿತು.

ಎರಡನೆಯ ಪ್ರಾಕ್ಟೀಸಿನಲ್ಲಿ ಮೇಡಂ ಹಾಡಿಯೇ ಬಿಡುತ್ತೇನೆ ಅಂತ ಹಟ ಹಿಡಿದು ಕೂತರು. ಎರಡು ಸಾಲು ಹಾಡಿದರು. ಅಸೆಂಬ್ಲಿಯಲ್ಲಿ ಮೈಕಿಲ್ಲದೆ ಇಡೀ ಮೈದಾನಕ್ಕೆ ಕೇಳಿಸುತ್ತಿದ್ದ ಗಂಟಲು ಅದು. ಈಗ ದಾರದಷ್ಟು ತೆಳ್ಳಗಾಗಿತ್ತು. ಮೂರನೆಯ ಸಾಲಿನಲ್ಲಿ ನನ್ನ ಪಿಯಾನೋ ಬೊಗಳಿತು, ಅವರ ದನಿ ಮುಳುಗಿಹೋಯಿತು. ಈ ಸಲ ಕನ್ನಡಕ ತೆಗೆಯಲಿಲ್ಲ. ನೀರು ಕುಡಿದು, ಲೋಟವನ್ನು ಕೈಯಲ್ಲೇ ಹಿಡಿದುಕೊಂಡು ಹೇಳಿದರು: "ಥೈರಾಯ್ಡ್ ಆಪರೇಷನ್ ಆದ್ಮೇಲೆ ಇಷ್ಟೇ ಕಣೋ ಉಳಿದಿರೋದು. ಮಗ ಸೊಸೆ ಇಬ್ಬರೂ ಬೇಡ ಅಂತಾರೆ, ಜನರ ಮುಂದೆ ದನಿ ನಿಂತ್ರೆ ಏನ್ಮಾಡ್ತೀಯಮ್ಮ ಅಂತ. ನನ್ನಮ್ಮ ನನಗೆ ಹಾಡಿದ್ದು ಈ ಹಾಡು, ನಾನು ನನ್ನ ಮಗನಿಗೆ ಹಾಡಿದ್ದು. ಈ ಮಗೂಗೂ ಒಂದ್ಸಲ ಹಾಡ್ಬೇಕು. ಅದಕ್ಕೇ ನಿನ್ನ ಕೇಳಿದ್ದು, ಸ್ವಲ್ಪ ಆಸರೆ ಇರಲಿ ಅಂತ. ನಂಗೂ ಹೆದರಿಕೆ ಆಗುತ್ತೆ ಕಣೋ."

ಅಯ್ಯೋ ದೇವರೇ! ಮೇಡಂಗೆ ಹೆದರಿಕೆ! ಅಲ್ಲಿಯ ತನಕ ಬೈಸಿಕೊಳ್ಳುವ ಭಯವೊಂದೇ ಇತ್ತು. ಈಗ ಅವರ ಹಾಡನ್ನು ನಾನೇ ಕೊಂದುಬಿಡುತ್ತೇನೆ ಅನ್ನುವ ಭಯ. ನಾಮಕರಣ ನಾಳೆಗೆ ಬಂದಿತ್ತು.

ಅವರು ಹೋದ ಮೇಲೆ ನಾನು ಹಾಡು ಬಿಟ್ಟು ಒಂದೊಂದೇ ಕೀ ಒತ್ತುತ್ತಾ ಕೂತೆ. ಎಷ್ಟು ಜೋರಾಗಿ ಒತ್ತಿದೆ ಅಂತ ತೋರಿಸುವ ಪುಟ್ಟ ಪಟ್ಟಿಯೊಂದು ಸಾಫ್ಟ್‌ವೇರಿನ ಮೂಲೆಯಲ್ಲಿತ್ತು. ಒಂದು ಕೀಯನ್ನು ಕಿರುಬೆರಳಲ್ಲಿ ತಾಕಿದೆ, ಪಟ್ಟಿ ಅಷ್ಟೇ ಅಷ್ಟು ಏರಿತು. ಪಕ್ಕದ್ದನ್ನೂ ಹಾಗೇ ತಾಕಿದೆ, ಪಟ್ಟಿ ನೆತ್ತಿಗೇರಿತು. ಎಲ್ಲವನ್ನೂ ತಾಕಿ ನೋಡಿದೆ. ಬೊಗಳುತ್ತಿದ್ದುದು ನನ್ನ ಬೆರಳಲ್ಲ, ಯಾವಾಗಲೂ ಅದೇ ಆರೇಳು ಕೀಗಳು! ಕೀಬೋರ್ಡಿನ ಸ್ಕ್ರೂ ಬಿಚ್ಚಿ ಒಳಗೆ ನೋಡಿದರೆ ಕೆಂಪು. ಪ್ರತಿ ಕೀ ಅಡಿಯಲ್ಲಿ ಎರಡು ರಬ್ಬರ್ ಗುಂಡಿ ಇರುತ್ತವೆ. ಒಂದು ತಾಕಿದ ಮೇಲೆ ಇನ್ನೊಂದು ಎಷ್ಟು ಬೇಗ ತಾಕಿತು ಅನ್ನುವುದರ ಮೇಲೆ ಏಟಿನ ಜೋರು ಗೊತ್ತಾಗುವುದು. ಆ ಆರೇಳು ಕೀಗಳ ಗುಂಡಿಗಳ ಮೇಲೆ ಕುಂಕುಮ ಉದುರಿ ಕೂತು ಲೆಕ್ಕ ತಪ್ಪಿಸುತ್ತಿತ್ತು. ಹಿಂದಿನ ವಾರವಷ್ಟೇ ಆಯುಧ ಪೂಜೆ ಆಗಿತ್ತು.

"ಗೀತಾ! ನೋಡು ನಿನ್ನ ಭಕ್ತಿ!" ಅಂತ ಕೂಗಿದೆ. ತಪ್ಪು ಹೆಂಡತಿಯದು ಅಂತ ಗೊತ್ತಾದಾಗ ಆಗುವ ಆನಂದ ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಿಲ್ಲ. ಅವಳು ಸೌಟು ಹಿಡಿದೇ ಬಂದಳು. "ನಾನಿಟ್ಟಿದ್ದು ಮೂಲೇಲಿ ಒಂದು ಬೊಟ್ಟು. ಹಳೇ ಕಂಪ್ಯೂಟರ್ ಸಿಡಿಲಿಗೆ ಸುಟ್ಟೋಯ್ತು, ಇದಕ್ಕೂ ಏನಾದ್ರೂ ಆದ್ರೆ ಅಂತ ಒಂದೊಂದು ಕೀಗೂ ಕುಂಕುಮ ಹಚ್ಚಿದ ಪುಣ್ಯಾತ್ಮ ಯಾರು?" ನಾನು ಸ್ಕ್ರೂ ಎಣಿಸುವವನಂತೆ ತಲೆ ತಗ್ಗಿಸಿದೆ. ಇಬ್ಬರೂ ಕೂತು ಕಿವಿಗೆ ಹಾಕುವ ಹತ್ತಿಕಡ್ಡಿಯಲ್ಲಿ ಕುಂಕುಮವನ್ನೆಲ್ಲ ಒರೆಸಿ ತೆಗೆದೆವು. ಮುಚ್ಚಿ ನುಡಿಸಿದಾಗ ಎಲ್ಲ ಕೀಗಳೂ ಒಂದೇ ಸಮ ಗುನುಗಿದವು. ನನಗೆ ಅಳುವೇ ಬಂತು.

ನಾಮಕರಣದ ದಿನ ಜಯನಗರದ ಅವರ ಮನೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಪ್ಯೂಟರು, ಕೀಬೋರ್ಡು ಎಲ್ಲ ಆಟೋದಲ್ಲಿ ತಂದು ಒಂದು ಮೂಲೆಯಲ್ಲಿ ಜೋಡಿಸಿದ್ದೆ. ಕಿವಿಯಲ್ಲಿ ಹೆಸರು ಹೇಳಿಯಾಯಿತು, ಮಗುವನ್ನು ತೊಟ್ಟಿಲಿಗೆ ಹಾಕಿಯಾಯಿತು. ನಾನು ಪಲ್ಲವಿಯ ಮೊದಲಿನ ತುಣುಕು ನುಡಿಸಿದೆ. ಬೆಣ್ಣೆಯಷ್ಟು ಮೆತ್ತಗೆ ಬಂತು. ಮೇಡಂ ಶುರು ಮಾಡಲಿಲ್ಲ. ಇನ್ನೊಮ್ಮೆ ನುಡಿಸಿದೆ. ಅವರು ತೊಟ್ಟಿಲ ಹಗ್ಗ ಹಿಡಿದೇ ನಿಂತಿದ್ದರು, ಮಗ ಹಿಂದಿನಿಂದ "ಬೇಡ ಬಿಡಮ್ಮ" ಅಂತ ಪಿಸುಗುಟ್ಟಿದ. ಜನ ಮುಖ ಮುಖ ನೋಡಿಕೊಂಡರು. ಮೇಡಂ ನನ್ನ ಕಡೆ ತಿರುಗಿದರು. ಅದೆಲ್ಲಿಂದ ಬಂತೋ, "ಹಾಡಿ ಮೇಡಂ, ಹೆದರಬೇಡಿ, ನಾನಿದೀನಿ" ಅಂದುಬಿಟ್ಟೆ.

ಅವರು ಹಾಡಿದರು. ದಾರದಷ್ಟೇ ತೆಳ್ಳನೆಯ ದನಿ, ಆದರೆ ಎಲ್ಲೂ ಕಡಿಯಲಿಲ್ಲ. ಪಿಯಾನೋ ಅದರ ಕೆಳಗೆ ಕೈ ಹಿಡಿದುಕೊಂಡು ನಡೆಯಿತು. ಮಗು ಕೇಳುತ್ತಾ ಕೇಳುತ್ತಾ ಕಣ್ಣು ಮುಚ್ಚಿತು. ಮಗ ಗೋಡೆಗೆ ಮುಖ ಮಾಡಿ ಮೂಗು ಒರೆಸಿಕೊಂಡ.

ಹಾಡು ಮುಗಿದ ಮೇಲೆ ಮೇಡಂ ಸೀದಾ ನನ್ನ ಹತ್ತಿರ ಬಂದರು. "ಏನೋ ಅಂದೆ ನನಗೆ ಆಗ?"

"ಏನಿಲ್ಲ ಮೇಡಂ."

"ಅಂದೆ. ಹೆದರಬೇಡಿ ಅಂದೆ, ನಾನಿದೀನಿ ಅಂದೆ." ಕಣ್ಣು ತುಂಬಿಕೊಂಡೇ ನಕ್ಕರು. "ಚೆನ್ನಾಗಿತ್ತು ಕಣೋ. ಧೈರ್ಯ ಬಂತು. ನಮ್ಮಮ್ಮನದು ಇನ್ನೊಂದು ಹಾಡಿದೆ, ಅದನ್ನೂ ಹಾಡೇಬಿಡ್ತೀನಿ. ನುಡಿಸು."

ಜನರೆಲ್ಲ ಚಪ್ಪಾಳೆ ತಟ್ಟಿದರು. ಆ ಇನ್ನೊಂದು ಹಾಡನ್ನು ನಾನು ಹುಟ್ಟಿದಾಗಿನಿಂದ ಕೇಳಿದವನಲ್ಲ. ಅದನ್ನು ಮೇಡಂಗೆ ಹೇಳುವ ಧೈರ್ಯ ಮಾತ್ರ ನನಗಿರಲಿಲ್ಲ.