ಸೊನ್ನೆ ಮೀಟರ್ ದೂರದ ಬದಲಿ ನೀರು

ಕೆರೆಯಿಂದ ಆವಿಯಾಗಿ ಹೋದ ಪ್ರತಿ ಹನಿಗೂ ಬದಲಿ ಹನಿಯನ್ನು ಅದೇ ತಿಂಗಳೊಳಗೆ ತುಂಬತಕ್ಕದ್ದು ಎಂಬುದು ನಿಯಮ. ಇದರ ಪ್ರತಿಯನ್ನು ಕುವೈತಿನ ಬಿಸಿಲಿಗೆ ಯಾರೂ ಕಳಿಸಿರಲಿಲ್ಲವಾದ್ದರಿಂದ ಅದು ತನ್ನ ಪಾಡಿಗೆ ಸುಡುತ್ತಿತ್ತು.

ಅಲ್ಲಿನ ಸಬ್ಹಾನ್ ಕೈಗಾರಿಕಾ ಪ್ರದೇಶದ ಒಂದು ಕಂಪನಿ ಮರಳುಗಾಡಿನಲ್ಲಿ ಜಲ್ಲಿಯನ್ನೆಲ್ಲ ಬಗೆದು ಮಾರಿ, ಉಳಿದ ಗುಂಡಿಯಲ್ಲಿ ಒಸರಿದ ಉಪ್ಪುನೀರಿಗೆ ಬೇಲಿ ಹಾಕಿ, 'ಪುನಶ್ಚೇತನಗೊಂಡ ಕೆರೆ' ಎಂದು ಬೋರ್ಡು ನೆಟ್ಟಿತ್ತು. ಮೈಸೂರಿನ ಎಂಜಿನಿಯರ್ ಲಕ್ಷ್ಮೀನರಸಿಂಹ ಅದರ ಕೆರೆ ಅಧಿಕಾರಿ. ಅವರ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಬರೆದಿದ್ದ ಉದ್ಯೋಗವೂ ಅದೇ. ಕೆರೆ ಇದ್ದರೆ ಇಕಾಮಾ, ಬತ್ತಿದರೆ ಖಲಾಸ್. ಮಗಳು ಚಿನ್ಮಯಿಯ ಹನ್ನೆರಡನೇ ಕ್ಲಾಸಿನ ಪರೀಕ್ಷೆಗೆ ಇನ್ನೂ ಎಂಟು ತಿಂಗಳಿತ್ತು. ಪಾಪ, ಅವರಿಗೆ ರಾತ್ರಿ ಕಣ್ಣು ಮುಚ್ಚಿದರೆ ಕೆರೆಯೇ ಕಾಣುತ್ತಿತ್ತು.

'ಬದಲಿ ನೀರನ್ನು ಅತಿ ಸಮೀಪದ ಜಲಮೂಲದಿಂದಲೇ ತರತಕ್ಕದ್ದು. ದೂರವನ್ನು ಮೀಟರಿನಲ್ಲಿ ನಮೂದಿಸತಕ್ಕದ್ದು' ಎಂದಿತ್ತು ಫಾರಂ. ಲಕ್ಷ್ಮೀನರಸಿಂಹ ಜನ್ಮದಲ್ಲಿ ಒಂದು ಕಾಲಂ ಖಾಲಿ ಬಿಟ್ಟವರಲ್ಲ, ಸುಳ್ಳು ಬರೆದವರೂ ಅಲ್ಲ. ಸುತ್ತಮುತ್ತ ವಿಚಾರಿಸಿ, ಕೊನೆಗೆ ಟೇಪು ಹಿಡಿದು ಅಳೆದು, 'ಇದೇ ಕೆರೆ, ಸೊನ್ನೆ ಮೀಟರ್' ಎಂದು ಬರೆದರು. ಇಷ್ಟು ಮಿತವ್ಯಯದ ಯೋಜನೆಯನ್ನು ಈವರೆಗೆ ಕಂಡಿಲ್ಲವೆಂದು ಮೇಲಿನ ಕಚೇರಿ ಪ್ರಶಂಸಾಪತ್ರದ ಸಮೇತ ಮಂಜೂರು ಮಾಡಿತು.

ಟ್ಯಾಂಕರ್ ಡ್ರೈವರ್ ಮಂಗಳೂರು ಕಡೆಯ ಮಮ್ಮಾಲಿ.

"ಇದೆಂತ ಸಾರ್, ಈ ಕಡೆಯಿಂದ ಎಳ್ದು ಆ ಕಡೆ ಬಿಡೂದಾ?"

"ಹೌದಪ್ಪ. ಮಂಜೂರಾಗಿದೆ."

"ಅಲ್ಲ, ಕೆರೆಗೆ ಎಂತ ಲಾಭ?"

"ಲಾಭಕ್ಕೆ ಕಾಲಂ ಇಲ್ಲ ಮಮ್ಮಾಲಿ."

"ಹಾಗಾದ್ರೆ ಯಲ್ಲಾ, ಹೊರಡುವ," ಎಂದು ಮಮ್ಮಾಲಿ ಗಾಡಿ ಹತ್ತಿದ.

ಪೈಪಿನ ಜಾಯಿಂಟಿನಲ್ಲಿ ಒಂದಿಷ್ಟು ನೀರು ಮರಳಿಗೆ ಸೋರುತ್ತಿತ್ತು. ಅದನ್ನು 'ಹೆಚ್ಚುವರಿ ಆವಿ' ಎಂದು ಪರಿಗಣಿಸತಕ್ಕದ್ದಾದ್ದರಿಂದ, ಅದಕ್ಕೂ ಬದಲಿ ನೀರು ಬೇಕಾಯಿತು. ದಿನಕ್ಕೆ ಎರಡು ಟ್ರಿಪ್ಪು ಇದ್ದದ್ದು ಹತ್ತಾಯಿತು, ಇಪ್ಪತ್ತಾಯಿತು. ಕೆರೆ ಎಷ್ಟು ಶ್ರದ್ಧೆಯಿಂದ ಮರುಪೂರಣವಾಯಿತೆಂದರೆ ಜನವರಿ ಹೊತ್ತಿಗೆ ತಳ ಕಂಡಿತು. ಉಳಿದ ನೀರೆಲ್ಲ ಟ್ಯಾಂಕರಿನಲ್ಲಿತ್ತು.

"ಬಿಡ್ಲಾ ಸಾರ್?"

"ಬೇಡ! ಮರಳು ಒಂದೇ ಗುಟುಕಿಗೆ ಕುಡ್ದುಬಿಡತ್ತೆ!" ಲಕ್ಷ್ಮೀನರಸಿಂಹ ಓಡಿಬಂದು ಪೈಪಿಗೆ ಅಡ್ಡ ನಿಂತರು. ಪರೀಕ್ಷೆಗೆ ಇನ್ನು ಆರೇ ವಾರವಿತ್ತು.

ಮರುದಿನವೇ ತಪಾಸಣೆ. ಬಂದವರು ರುಡಾಲ್ಫ್, ಉಡುಪಿ ಕಡೆಯವರು, ನಿಯಮದ ಪುಸ್ತಕವನ್ನು ಕಂಕುಳಲ್ಲೇ ಇಟ್ಟುಕೊಂಡು ಓಡಾಡುವವರು. ಗುಂಡಿ ನೋಡಿದರು, ಟ್ಯಾಂಕರ್ ನೋಡಿದರು, ಪುಸ್ತಕ ತೆರೆದರು.

"ಕೆರೆ ಅಂದ್ರೆ ಬೇಲಿಯ ಒಳಗೆ ಕದಲದೆ ಇರುವ ನೀರು ಅಂತ ಉಂಟು. ಈ ನೀರು ಕದಲ್ತದಾ?"

"ಹ್ಯಾಂಡ್‌ಬ್ರೇಕ್ ಹಾಕಿದ್ದೇನೆ ಸಾರ್," ಎಂದ ಮಮ್ಮಾಲಿ.

ರುಡಾಲ್ಫ್ ಸಹಿ ಹಾಕಿದರು. ಬೋರ್ಡು ಗುಂಡಿಯ ದಂಡೆಯಿಂದ ಟ್ಯಾಂಕರಿನ ಬೆನ್ನಿಗೆ ಬಂತು. ಕೆಳಗೊಂದು ಪ್ರಕಟಣೆಯನ್ನೂ ಅಂಟಿಸಲಾಯಿತು: 'ಈ ಕೆರೆಯಲ್ಲಿ ಈಜುವುದು, ಮೀನು ಹಿಡಿಯುವುದು ಮತ್ತು ಹಾರ್ನ್ ಬಾರಿಸುವುದನ್ನು ನಿಷೇಧಿಸಲಾಗಿದೆ.' ಇಕಾಮಾ ಒಂದು ವರ್ಷಕ್ಕೆ ನವೀಕರಣವಾಯಿತು.

ಪರೀಕ್ಷೆ ಮುಗಿಸಿದ ಚಿನ್ಮಯಿ ಅಪ್ಪನ ಕೆರೆ ನೋಡಲು ಬಂದಳು.

"ಅಪ್ಪಾ, ವೇರ್ ಈಸ್ ದ ಲೇಕ್?"

"ನಿನ್ನ ಹಿಂದೇನೇ ಇದೆ ಪುಟ್ಟಿ. ಒರಗಬೇಡ, ಗ್ರೀಸ್ ಆಗತ್ತೆ."

ಟ್ಯಾಂಕರಿನ ನಲ್ಲಿ ತೊಟ್ಟಿಕ್ಕುತ್ತಿತ್ತು. ಕೆಳಗಿಟ್ಟ ಬಕೆಟ್ ದಿನಕ್ಕೊಮ್ಮೆ ತುಂಬುತ್ತಿತ್ತು. ತುಂಬಿದ್ದನ್ನು ಲಕ್ಷ್ಮೀನರಸಿಂಹ ಏಣಿ ಹತ್ತಿ ಮೇಲಿನಿಂದ ಸುರಿದು, 'ನಷ್ಟ ಒಂದು ಬಕೆಟ್, ಬದಲಿ ಒಂದು ಬಕೆಟ್' ಎಂದು ಬರೆಯುತ್ತಿದ್ದರು. ಯೋಜನೆ ಮೊದಲ ಬಾರಿಗೆ ನೂರಕ್ಕೆ ನೂರು ಯಶಸ್ವಿಯಾಗಿತ್ತು.

ಚಿನ್ಮಯಿ ಅಪ್ಪನ ನರೆತ ತಲೆಯನ್ನೂ ಏಣಿಯನ್ನೂ ಒಂದು ಗಳಿಗೆ ನೋಡಿದಳು. ಆಮೇಲೆ ತುಂಬಿದ ಬಕೆಟ್ ಎತ್ತಿಕೊಂಡು ತಾನೇ ಹತ್ತಿದಳು.