ದುರ್ಗಯ್ಯನಿಗೆ ಬಂದ ಮರ್ಯಾದೆ

ಬಸವಕುಮಾರನ ತಲೆಯೊಳಗೆ ಅನುಮಾನದ ಹುಳ ಹೊಕ್ಕಿದ್ದು ಯಜಮಾನರ ಕಿಟಕಿಯಿಂದ.

ತಿಪಟೂರಿನಿಂದ ಹೊನ್ನವಳ್ಳಿಗೆ ಹೋಗುವ ರಸ್ತೆಯಲ್ಲಿ ಗಂಗಾಧರಯ್ಯನವರ ತೆಂಗಿನಪುಡಿ ಫ್ಯಾಕ್ಟರಿ. ಅದರ ಮಗ್ಗುಲಲ್ಲಿ ಏಳುತ್ತಿದ್ದ ಹೊಸ ಶೆಡ್ಡಿಗೆ ಬಸವಕುಮಾರ ಪ್ರಾಜೆಕ್ಟ್ ಮ್ಯಾನೇಜರ್. ಬೆಳಿಗ್ಗೆ ಬೈಕ್ ನಿಲ್ಲಿಸಿ ಕಿಟಕಿ ದಾಟುವಾಗ ಒಳಗಿನಿಂದ ಮಾತು ಕೇಳಿಸಿತು.

“ನಮ್ಮ ಬಸವಕುಮಾರ ಮಾಡೋ ಕೆಲಸಾನೆಲ್ಲ ನೀನು ಮಾಡ್ತೀಯೇನಮ್ಮ?”

“ಖಂಡಿತ ಮಾಡುತ್ತೇನೆ ಸರ್. ವೇಳಾಪಟ್ಟಿ, ವರದಿ, ಸಂದೇಶ ಎಲ್ಲವನ್ನೂ ಸಿದ್ಧಪಡಿಸಬಲ್ಲೆ. ಈಗಲೇ ಶುರು ಮಾಡೋಣವೇ?”

ಹೆಣ್ಣಿನ ದನಿ. ಜೇನಿನಲ್ಲಿ ಅದ್ದಿ ತೆಗೆದಂತಿತ್ತು. ಬಸವಕುಮಾರ ಇಣುಕಿದ. ರೂಮಿನಲ್ಲಿ ಹೆಣ್ಣಿನ ಸುಳಿವೇ ಇಲ್ಲ. ಯಜಮಾನರು ಮೊಬೈಲನ್ನು ಹಲಸಿನ ತೊಳೆಯ ಹಾಗೆ ಬಾಯಿಗೆ ಹಿಡಿದು ಕೂತಿದ್ದರು. ಎಲ್ಲರೂ ಹೇಳುತ್ತಿದ್ದ ಎಐ ಇದೇ. ಸಿನಿಮಾದಲ್ಲಾಗಿದ್ದರೆ ಇಲ್ಲಿ ಒಂದು ಗುಡುಗು, ಹೀರೋ ಮುಖಕ್ಕೆ ಮೂರು ಕ್ಲೋಸಪ್ಪು ಇರುತ್ತಿತ್ತು. ಇಲ್ಲಿ ಹಿಂದುಗಡೆ ಒಂದು ತೆಂಗಿನ ಗರಿ ದೊಪ್ಪೆಂದು ಬಿತ್ತು, ಅಷ್ಟೇ.

ಆಮೇಲೆ ಕಂಡವರೆಲ್ಲ ವಿಲನ್‌ಗಳೇ. ಗೇಟಿನ ಕೆಂಚಯ್ಯ ಹೊಡೆದ ಸಲ್ಯೂಟು ಅರ್ಧಕ್ಕೇ ನಿಂತ ಹಾಗಿತ್ತು. ಲೆಕ್ಕ ಬರೆಯುವ ಸಿಂಧು ಇವನನ್ನು ಕಂಡದ್ದೇ ಕಂಪ್ಯೂಟರ್ ತಿರುಗಿಸಿದಳು.

“ಏನ್ ಮುಚ್ಚಿಡ್ತಿದ್ದೀಯ ಸಿಂಧು?”

“ಬಿಸಿಲು ಬೀಳ್ತಿತ್ತು ಸಾರ್. ನೀವ್ಯಾಕೆ ಸಿಐಡಿ ಥರ ನೋಡ್ತಿದ್ದೀರ?”

“ನಿಂಗೆ ಎಐ ಬರುತ್ತಾ?”

“ಈಗ ಯಾರಿಗ್ ಬರಲ್ಲ ಸಾರ್? ಅದು ಬರ್ದೇ ಇರೋ ಮ್ಯಾನೇಜರ್‌ಗೆ ಇನ್ಮೇಲೆ ಬೆಲೆ ಇಲ್ವಂತೆ, ಯಜಮಾನ್ರು ಹೇಳ್ತಿದ್ರು. ಸಾಯಂಕಾಲ ನಿಮ್ ಮೀಟಿಂಗ್ ಐತಲ್ಲ, ಹೇಳ್ತಾರೆ ಬುಡಿ.”

ತನ್ನ ಮೀಟಿಂಗು ತನಗೇ ಗೊತ್ತಿಲ್ಲ. ಬಸವಕುಮಾರ ಮತ್ತೆ ಬೈಕ್ ಹತ್ತಿ, ತಿಪಟೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿದ್ದ ಹೆಂಡತಿಯ ತಮ್ಮ ತಿಲಕನ ಮುಂದೆ ಹೋಗಿ ನಿಂತ.

“ಹೆದರ್ಕೋಬೇಡಿ ಭಾವ. ನೀವೂ ಎಐ ಕಲ್ತ್ಕಂಬುಡಿ, ಸಾಯಂಕಾಲದೊಳಗೆ ನಿಮ್ ರೇಂಜೇ ಬೇರೆ,” ಎಂದ ತಿಲಕ, ಫೋನಿಗೆ ಅದನ್ನು ಹಾಕಿಕೊಡುತ್ತಾ. “ನೀವು ಬಾಯಿಗ್ ಬಂದಂಗೆ ಹೇಳಿ. ಅದು ನೀಟಾಗಿ ಬರ್ದು ಕೊಡ್ತದೆ. ಕಳ್ಸೋದಷ್ಟೇ.”

ಮೊದಲ ಪ್ರಯೋಗಕ್ಕೆ ಸಿಕ್ಕವನು ಮೇಸ್ತ್ರಿ ದುರ್ಗಯ್ಯ. ಅವತ್ತು ಮಧ್ಯಾಹ್ನ ಶೆಡ್ಡಿನ ಛಾವಣಿಗೆ ಮೋಲ್ಡ್ ಹಾಕಬೇಕು. ದಿನಾ ಬೆಳಿಗ್ಗೆ ಬಸವಕುಮಾರ ಫೋನಿನಲ್ಲಿ ದುರ್ಗಯ್ಯನ ವಂಶವನ್ನೆಲ್ಲ ಜಾಲಾಡುತ್ತಿದ್ದ, ದುರ್ಗಯ್ಯ ಬಡ್ಡಿ ಸೇರಿಸಿ ವಾಪಸ್ ಬೈಯುತ್ತಿದ್ದ, ಇಬ್ಬರೂ ನಗುತ್ತಿದ್ದರು, ಆಮೇಲೇ ಸಿಮೆಂಟಿಗೆ ನೀರು ಬೀಳುತ್ತಿದ್ದದ್ದು. ಇವತ್ತು ಬಸವಕುಮಾರ ಆ ಬೈಗುಳವನ್ನು ಎಐಗೆ ಹೇಳಿದ: “ಲೇ ದುರ್ಗ, ಇವತ್ತು ಮೋಲ್ಡ್ ಬೀಳ್ದೇ ಇದ್ರೆ ನಿನ್ ಸಿಪ್ಪೆ ಸುಲಿದು ಅಟ್ಟದ ಮೇಲೆ ಕೊಬ್ರಿಗೆ ಹಾಕ್ತೀನಿ.”

ಎಐ ಬರೆದುಕೊಟ್ಟಿತು: “ಮಾನ್ಯ ಶ್ರೀ ದುರ್ಗಯ್ಯನವರೇ, ತಮ್ಮ ಇದುವರೆಗಿನ ಅಮೂಲ್ಯ ಸೇವೆಗೆ ಹೃತ್ಪೂರ್ವಕ ಕೃತಜ್ಞತೆಗಳು. ಇಂದು ಛಾವಣಿಯ ಕಾರ್ಯವನ್ನು ಪೂರ್ಣಗೊಳಿಸಿಕೊಡಬೇಕಾಗಿ ವಿನಂತಿ. ತಮ್ಮ ಮುಂದಿನ ದಿನಗಳು ಶುಭಕರವಾಗಿರಲಿ.”

ಓದಿ ಬಸವಕುಮಾರನಿಗೇ ಮೈ ಜುಮ್ಮೆಂದಿತು. ಕಳಿಸಿದ. ಅದೇ ಹುಮ್ಮಸ್ಸಿನಲ್ಲಿ ಹೆಂಡತಿಗೂ ಊಟಕ್ಕೆ ಬರುವುದಿಲ್ಲ ಎಂದು ಒಂದು ಬರೆಸಿ ಕಳಿಸಿದ.

ಫ್ಯಾಕ್ಟರಿಗೆ ವಾಪಸ್ ಬಂದರೆ ಗೇಟಿನಲ್ಲಿ ಟ್ರ್ಯಾಕ್ಟರ್ ನಿಂತಿದೆ. ಮೇಲೆ ಸಲಿಕೆ, ಬಾಂಡ್ಲಿಗಳು, ಹಿಂದೆ ಕಟ್ಟಿದ ಮಿಕ್ಸರ್, ಪಕ್ಕದಲ್ಲಿ ತಲೆಗೆ ಟವೆಲ್ ಹಾಕಿಕೊಂಡ ದುರ್ಗಯ್ಯ.

“ಎಲ್ಲಿಗಲಾ ಹೊಂಟೆ, ಸಾಮಾನೆಲ್ಲ ಹೇರ್ಕಂಡು?”

“ಕೆಲಸ ಬುಡ್ಸೋದಾದ್ರೆ ಮಕದ ಮುಂದೆ ಹೇಳ್ಬೇಕಿತ್ತು ಸಾರ್,” ಎಂದ ದುರ್ಗಯ್ಯ. ಅವನ ಬಾಯಲ್ಲಿ ‘ಸಾರ್’ ಬಂದದ್ದೇ ಮೊದಲು. “ಅಮೂಲ್ಯ ಸೇವೆ, ಮುಂದಿನ ದಿನ ಸುಭ. ನಮ್ಮೂರು ಕೆಂಕೆರೇಲಿ ಮೇಷ್ಟ್ರು ರಿಟೈರಾದಾಗ ಹಾರ ಹಾಕಿ ಇದ್ನೇ ಓದಿದ್ರು.”

“ಅದು ಮರ್ಯಾದೆ ಕಣಯ್ಯ.”

“ಇಷ್ಟ್ ವರ್ಸ ಇಲ್ದಿರೋ ಮರ್ಯಾದೆ ಇವತ್ತ್ಯಾಕೆ? ಬೇರೆ ಮೇಸ್ತ್ರಿ ಗೊತ್ತು ಮಾಡಿದ್ದೀರ. ಮಾಡ್ಕಳಿ. ನಮಗೂ ದೇವ್ರವ್ನೆ.”

ಬಸವಕುಮಾರನ ನಾಲಿಗೆ ತುದಿಗೆ ಒಳ್ಳೆಯ ಬೈಗುಳ ಬಂದಿತ್ತು. ಆದರೆ ಆಫೀಸಿನ ಬಾಗಿಲಲ್ಲಿ ಸಿಂಧು ನಿಂತು ನೋಡುತ್ತಿದ್ದಳು. ಹೊಸ ರೇಂಜು ತೋರಿಸಲೇಬೇಕು. ಮತ್ತೆ ಫೋನಿಗೆ ಪಿಸುಗುಟ್ಟಿ, ಬಂದ ಉತ್ತರವನ್ನು ದುರ್ಗಯ್ಯನ ಮುಂದೆ ಹಿಡಿದ. ದುರ್ಗಯ್ಯ ಅಕ್ಷರ ಕೂಡಿಸಿ ಓದಿದ: “ತಮಗೆ ಉಂಟಾದ ನೋವಿಗೆ ತೀವ್ರವಾಗಿ ವಿಷಾದಿಸುತ್ತೇನೆ.”

“ಮುಗೀತು. ವಿಸಾದಾನೂ ಹೇಳ್ಬುಟ್ರು,” ಎಂದು ಟವೆಲಿನಿಂದ ಕಣ್ಣೊರೆಸಿಕೊಂಡು ಟ್ರ್ಯಾಕ್ಟರ್ ಹತ್ತಿದ. ಮೋಲ್ಡ್ ಕೆಂಕೆರೆ ದಾರಿ ಹಿಡಿಯಿತು.

ಆ ಧೂಳು ಅಡಗುವ ಮೊದಲೇ ಆಟೋ ಬಂತು. ಇಳಿದವಳು ಹೆಂಡತಿ ನಯನ.

“ಯಾರವಳು?”

“ಯಾರು ಕಣೇ?”

“‘ಪ್ರೀತಿಯ ನಯನಾ’ ಅಂತ ಬರೆಯೋಕೆ ಕಲಿಸ್ಕೊಟ್ಟೋಳು. ಮದ್ವೆ ಆದಾಗಿಂದ ‘ಏಯ್’ ಬುಟ್ರೆ ಇನ್ನೊಂದು ಕರೆದಿಲ್ಲ ನೀವು.”

“ಅದು ಎಐ ಬರ್ದಿದ್ದು ಕಣೇ.”

“ಎಐ ಅಂದ್ರೆ? ಐಶ್ವರ್ಯನಾ?”

ಕೆಂಚಯ್ಯನಿಗೆ ತಡೆಯಲಾಗಲಿಲ್ಲ. “ನಂಗ್ಯಾಕೆ ಬೇಕು ಕಣವ್ವ. ಆದ್ರೂ ಬೆಳಿಗ್ಗೆ ಯಜಮಾನ್ರ ಕಿಟಕಿ ತಾವ ಯಾವ್ದೋ ಹೆಣ್ಣಿನ ದನಿ ಕೇಳ್ಕಂಡು ನಿಂತಿದ್ರು. ಇಣುಕೂ ನೋಡಿದ್ರು.”

ನಯನ ತಂದಿದ್ದ ಊಟದ ಡಬ್ಬಿಯನ್ನು ಕೆಂಚಯ್ಯನ ಕೈಗೆ ಕೊಟ್ಟು ಅದೇ ಆಟೋದಲ್ಲಿ ಹೊರಟುಹೋದಳು.

ಸಾಯಂಕಾಲದ ಹೊತ್ತಿಗೆ ಬಸವಕುಮಾರ ಹಸಿದ ಹೊಟ್ಟೆಯಲ್ಲಿ, ಕ್ಲೈಮ್ಯಾಕ್ಸಿಗೆ ಮುಂಚೆಯೇ ಫೈಟು ಸೋತ ಹೀರೋನಂತೆ ಯಜಮಾನರ ರೂಮಿಗೆ ಹೋದ. ಸಿಂಧು ಆಗಲೇ ಮೂಲೆಯ ಕುರ್ಚಿಯಲ್ಲಿದ್ದಳು. ಅವಳಿದ್ದದ್ದೂ ಅವನ ಅನುಮಾನ ಹೆಚ್ಚಿಸಿತು.

“ಕೂತ್ಕೊಳಪ್ಪ,” ಎಂದರು ಗಂಗಾಧರಯ್ಯ. “ಮುಚ್ಚಿಡೋದೇನು, ಇವತ್ತು ಬೆಳಿಗ್ಗೆಯಿಂದ ನಿನ್ ಕೆಲಸಾನ ಎಐ ಕೈಲಿ ಮಾಡ್ಸಿ ನೋಡ್ದೆ. ರಿಪೋರ್ಟು ನಿನಗಿಂತ ಚೆನ್ನಾಗಿ ಬರೀತು. ಪ್ಲಾನು ನಿನಗಿಂತ ಬೇಗ ಹಾಕ್ತು. ಟೀ ಕೇಳ್ಲಿಲ್ಲ.”

“ಸಾರ್, ನಾನೂ ಎಐ ಕಲ್ತೆ.”

“ಗೊತ್ತು. ದುರ್ಗಯ್ಯ ಫೋನ್ ಮಾಡಿ ಅತ್ತ.”

“ಹಂಗಾದ್ರೆ ನನ್ ಕೆಲಸ ಹೋಯ್ತಾ ಸಾರ್?”

“ಇಲ್ಲ ಕಣಪ್ಪ. ನಿನ್ನ ತೆಗೆಯೋಕಾಗಲ್ಲ. ಅದಕ್ಕಿಂತ ನಿನಗೇ ಬೆಲೆ ಜಾಸ್ತಿ ಅಂತ ಮಧ್ಯಾಹ್ನ ಗೊತ್ತಾಯ್ತು.”

ಬಸವಕುಮಾರನ ಎದೆ ಉಬ್ಬಿತು. “ಅನುಭವ ಸಾರ್. ಅದನ್ನ ಯಾವ ಮಿಷನ್ನೂ ಕೊಡಲ್ಲ.”

“ಅನುಭವ ಅಲ್ವೋ. ಮೋಲ್ಡ್ ನಿಂತೋಯ್ತು ಅಂತ ಸಿಟ್ಟು ಬಂದು ಈ ಎಐಗೆ ಬೈದೆ. ‘ಕ್ಷಮಿಸಿ ಸರ್, ತಪ್ಪು ನನ್ನದೇ’ ಅಂತು. ಇನ್ನೂ ಜೋರಾಗಿ ಬೈದೆ. ‘ನೀವು ಹೇಳಿದ್ದು ಸರಿ’ ಅಂತು. ಸಿಟ್ಟು ಇಳೀಲೇ ಇಲ್ಲ, ಬಿಪಿ ಮಾತ್ರೆ ನುಂಗಿ ಮಲಗಿದ್ದೆ. ನೀನಾದ್ರೆ ತೊದಲ್ತೀಯ, ಸುಳ್ಳು ಹೇಳ್ತೀಯ, ಮಕ ಕೆಂಪಗಾಗ್ತದೆ. ಬೈದಂಗಾಗ್ತದೆ. ನಾಳೆ ಇನ್‌ಸ್ಪೆಕ್ಷನ್‌ಗೆ ಬಂದೋರು ಯಾರು ಜವಾಬ್ದಾರಿ ಅಂದ್ರೆ ಯಾರ ಕೊರಳ್‌ಪಟ್ಟಿ ತೋರಿಸ್ಲಿ? ಇದಕ್ಕೆ ಕೊರಳೇ ಇಲ್ಲ. ಅದಕ್ಕೆ ನಾಳೆಯಿಂದ ಕೆಲಸ ಇದರದ್ದು, ತಪ್ಪು ನಿಂದು.”

“ಸಂಬಳ ಸಾರ್?”

“ಅದೇ ಸಂಬಳ. ಕೆಲಸ ಇಲ್ವಲ್ಲ, ಜಾಸ್ತಿ ಯಾಕೆ?” ಗಂಗಾಧರಯ್ಯ ಗಂಟಲು ಸರಿಮಾಡಿಕೊಂಡು, ಅಂಗಿಯ ತೋಳು ಮಡಚಿ ಎದ್ದು ನಿಂತರು. “ಏಳು. ಇವತ್ತಿನ ಬೈಗುಳದ ಬಾಕಿ ತೀರಿಸ್ಬುಡೋಣ. ಸಿಂಧು, ಆ ಫ್ಯಾನ್ ಆರಿಸಮ್ಮ. ಇವನು ಬೆವರ್ಬೇಕು.”